ಹಿಮ್ಮಡಿಯ ತೂತು

ಎಡಗಾಲಿನ ಕಾಲುಚೀಲದ ತೂತು ತನ್ನ ಸ್ವಸ್ಥಾನವಾದ ಹಿಮ್ಮಡಿಯನ್ನು ತೊರೆದು ಹೆಬ್ಬೆರಳಿನ ಬುಡಕ್ಕೆ ವಲಸೆ ಹೋಗಿದೆ ಎಂಬ ಸಂಗತಿಯನ್ನು ಎಲ್ಲಕ್ಕಿಂತ ಮೊದಲು, ತಕ್ಕ ಗಾಂಭೀರ್ಯದೊಂದಿಗೆ, ಇಲ್ಲಿ ದಾಖಲಿಸಬೇಕು. ರಾಜ್ಯಗಳು ಬಿದ್ದದ್ದನ್ನೂ ಸೇನೆಗಳು ಹಿಮ್ಮೆಟ್ಟಿದ್ದನ್ನೂ ಬರೆದಿಡಲು ಜನರಿದ್ದಾರೆ. ಈ ತೂತಿಗೆ ಅಂಥ ದಿಕ್ಕಿಲ್ಲ. ಅದನ್ನು ಮೊದಲು ಕಂಡವಳು ಅಮ್ಮ. ಕಂಡದ್ದು ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಹಿತ್ತಿಲಿನ ಬಟ್ಟೆ ತಂತಿಯ ಕೆಳಗೆ, ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು. ಆ ಕ್ಲಿಪ್ಪುಗಳನ್ನು ಬಾಯಿಂದ ತೆಗೆಯುವ ಹೊತ್ತಿಗೆ, ಇದನ್ನು ಯಾರಿಗೂ ಹೇಳಕೂಡದು ಎಂದು ತೀರ್ಮಾನವಾಗಿತ್ತು.

ಅಮ್ಮ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಮೇಲೆ ಕುತ್ತಿಗೆ ಬಗ್ಗಿಸಿದ ದೀಪ, ಗೋಡೆಗೆ ದಾರದ ಉಂಡೆಗಳ ಹಲಗೆ. ಹೊಸ ಬಟ್ಟೆ ಹೊಲಿಯುವವರು ಬೀದಿಗೆ ಮೂವರಿದ್ದರು. ಹರಿದದ್ದನ್ನು ಹರಿಯಲೇ ಇಲ್ಲವೆಂಬಂತೆ ರಫೂ ಮಾಡುವವಳು ಅಮ್ಮ ಒಬ್ಬಳೇ. ಸಿಗರೇಟಿನ ಕಿಡಿಯಿಂದ ಸುಟ್ಟ ಕೋಟನ್ನು ಹೆಂಡತಿಯ ಕಣ್ಣಿಗೆ ಬೀಳುವ ಮುಂಚೆ ತಂದುಕೊಡುವ ಗಂಡಂದಿರು ಅವಳ ಖಾಯಂ ಗಿರಾಕಿಗಳು. "ಯಾವ ಜಾಗ ಅಂತ ನೀವೇ ಹುಡುಕಿ" ಎಂದು ಬಟ್ಟೆಯನ್ನು ಅವರ ಕೈಗೆ ಕೊಡುವಾಗ ಮಾತ್ರ ಅಮ್ಮನ ಮುಖದಲ್ಲಿ ಒಂಚೂರು ಜಂಬ ಕಾಣುತ್ತಿತ್ತು.

ಮಗಳು ನಡೆಯುವವಳು. ಎಲ್ಲರೂ ನಡೆಯುವವರೇ, ನಿಜ. ಆದರೆ ಅವಳು ವೇಗನಡಿಗೆಯ ಪಂದ್ಯಗಳಲ್ಲಿ ನಡೆಯುವವಳು. ದೇಶದ ತಂಡದ ಅಂಗಿ ಹಾಕಿಕೊಂಡು ನಾಲ್ಕು ವರ್ಷ ನಡೆದವಳು. ಈ ಆಟದ ಕಾನೂನು ಎರಡೇ. ಒಂದು, ಯಾವ ಕ್ಷಣದಲ್ಲೂ ಎರಡು ಪಾದಗಳೂ ನೆಲ ಬಿಟ್ಟಿರಬಾರದು. ಎರಡು, ಮುಂದಿಟ್ಟ ಕಾಲಿನ ಹಿಮ್ಮಡಿ ನೆಲ ಮುಟ್ಟಿದಲ್ಲಿಂದ ಮೈ ಆ ಕಾಲನ್ನು ದಾಟಿ ಹೋಗುವ ತನಕ ಮೊಣಕಾಲು ಕೋಲಿನ ಹಾಗೆ ನೆಟ್ಟಗಿರಬೇಕು. ಹೀಗೆ ನಡೆದರೆ ಸೊಂಟ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಮೊದಲ ಬಾರಿ ಅವಳು ಬೀದಿಯಲ್ಲಿ ಅಭ್ಯಾಸಕ್ಕೆ ಹೊರಟಾಗ ಮಕ್ಕಳೆಲ್ಲ ಬಾತುಕೋಳಿಯ ಹಾಗೆ ಕೂಗುತ್ತಾ ಹಿಂದೆ ಬಿದ್ದಿದ್ದವು. ಅಂದಿನಿಂದ ಅವಳು ಬಾತು. ಅಣ್ಣ ಕರೆದ, ಮೇಷ್ಟ್ರು ಕರೆದರು, ಕೊನೆಗೆ ಅಮ್ಮನೂ ಕರೆದಳು. ನೆಂಟರು ಮಾತ್ರ ಬಹಳ ಕಾಲ ಒಪ್ಪಲಿಲ್ಲ. "ನಡೆಯೋದಕ್ಕೂ ಪದಕ ಕೊಡ್ತಾರಾ? ಹಾಗಾದ್ರೆ ನಮ್ಮ ಪೋಸ್ಟ್‌ಮ್ಯಾನಿಗೆ ಎಷ್ಟು ಕೊಟ್ಟಿದಾರೆ?" ಎಂದು ದೊಡ್ಡಪ್ಪ ಕೇಳಿದ್ದು ಆ ಮನೆತನದಲ್ಲಿ ಗಾದೆಯಾಗಿ ನಿಂತಿದೆ.

ಹಿಮ್ಮಡಿ ಮೊದಲು ನೆಲಕ್ಕೆ ಬೀಳುವ ಆಟವಾದ್ದರಿಂದ ಕಾಲುಚೀಲ ಸವೆಯುವುದೂ ಹಿಮ್ಮಡಿಯಲ್ಲೇ. ಮೊಣಕಾಲು ಬಗ್ಗಿದರೆ ಪಾದ ಚಪ್ಪಟೆಯಾಗಿ ಬೀಳುತ್ತದೆ, ತೂತು ಮುಂದಕ್ಕೆ ಹೋಗುತ್ತದೆ. ಇದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಮೇಷ್ಟ್ರು. ಶಾಲೆಯಲ್ಲಿ ವ್ಯಾಯಾಮ ಹೇಳಿಕೊಟ್ಟು ನಿವೃತ್ತರಾದ ಅವರು ಒಂದು ಮೊಪೆಡ್ ಮೇಲೆ, ಕೊರಳಲ್ಲಿ ಸೀಟಿ ನೇತುಹಾಕಿಕೊಂಡು, ಬಾತುವಿನ ಹಿಂದೆ ಹಿಂದೆ ಬರುತ್ತಿದ್ದರು. ಹಿಂದಿನಿಂದ ಬರುವವರಿಗೆ ಸೊಂಟ ಕಾಣುತ್ತದೆ, ಹಿಮ್ಮಡಿ ಕಾಣುತ್ತದೆ. ಮೊಣಕಾಲು ನೆಟ್ಟಗಿದೆಯೋ ಬಗ್ಗಿದೆಯೋ ಕಾಣುವುದು ಪಕ್ಕದಿಂದ ನೋಡುವವರಿಗೆ ಮಾತ್ರ. ಪಕ್ಕದಲ್ಲಿ ಮೊಪೆಡ್ ಓಡಿಸಲು ಬಸ್ಸಿನವರು ಬಿಡುತ್ತಿರಲಿಲ್ಲ. ಅಲ್ಲದೆ ಮೇಷ್ಟ್ರ ಒಂದು ಕಣ್ಣಿನ ಪೊರೆ ತೆಗೆದಿದ್ದರು, ಇನ್ನೊಂದು ಸರದಿಗೆ ಕಾದಿತ್ತು. ಹಾಗಾಗಿ ಅವರು ಕಾಲುಚೀಲವನ್ನು ನಂಬಿದರು. "ಮೊಣಕಾಲು ನಾಲ್ಕು ಜನ ನೋಡ್ತಿದ್ರೆ ನಾಟಕ ಆಡುತ್ತೆ. ಕಾಲುಚೀಲ ಸುಳ್ಳು ಹೇಳಲ್ಲ" ಎನ್ನುವುದು ಅವರ ಮಾತು.

ಮೂವತ್ತು ವರ್ಷ ಅದು ನಿಜವೂ ಆಗಿತ್ತು.

ಕಾಯಿಲೆ ಬಂದದ್ದು ಎರಡು ವರ್ಷದ ಹಿಂದೆ. ಹೊಟ್ಟೆ ಕೆಟ್ಟು ಬಂದ ಸಾಮಾನ್ಯ ಜ್ವರ. ನಾಲ್ಕು ದಿನಕ್ಕೆ ಬಿಟ್ಟಿತು. ಹತ್ತನೆಯ ದಿನ ಬಾತುವಿನ ಪಾದ ಜುಮ್ಮೆಂದಿತು. ಮರುದಿನ ಮೊಣಕಾಲಿನ ತನಕ ಜುಮ್ಮೆಂದಿತು. ಮೂರನೆಯ ದಿನ ಬಚ್ಚಲಿನಲ್ಲಿ ಕೂತವಳಿಗೆ ಏಳಲಾಗಲಿಲ್ಲ. ಐದನೆಯ ದಿನ ಉಸಿರಾಡಿಸಲು ಯಂತ್ರ ಬೇಕಾಯಿತು. ಇಪ್ಪತ್ತು ಕಿಲೋಮೀಟರನ್ನು ಒಂದೂವರೆ ಗಂಟೆಯಲ್ಲಿ ನಡೆಯುತ್ತಿದ್ದವಳಿಗೆ ಕಣ್ಣಿನ ರೆಪ್ಪೆ ಎತ್ತುವುದೇ ದೊಡ್ಡ ಪಂದ್ಯವಾಯಿತು.

ಡಾಕ್ಟರು ಮನೆಯವರನ್ನು ಕೂಡಿಸಿಕೊಂಡು ತಿಳಿಸಿ ಹೇಳಿದರು. "ನರಗಳ ಮೇಲೆ ಒಂದು ಹೊದಿಕೆ ಇರುತ್ತೆ. ದೇಹವೇ ಅದನ್ನ ತಿಂದು ಹಾಕ್ತಿದೆ."

ಅಣ್ಣ ಎಲೆಕ್ಟ್ರಿಷಿಯನ್. "ಅಂದ್ರೆ ವೈರಿನ ಮೇಲಿನ ಪ್ಲಾಸ್ಟಿಕ್ಕು ಸುಲಿದು ಹೋದ ಹಾಗಾ ಸಾರ್?"

"ಹೆಚ್ಚು ಕಡಿಮೆ ಹಾಗೇನೇ."

"ಯಾವ ಕಡೆ?"

"ಎಲ್ಲಾ ಕಡೆ."

ಅಣ್ಣ ಎದ್ದು ಹೊರಗೆ ಹೋಗಿ, ಕಾರಿಡಾರಿನ ಕೊನೆಯಲ್ಲಿ ಆಸ್ಪತ್ರೆಯ ಮೀಟರ್ ಬೋರ್ಡಿನ ಕೆಳಗೆ ಕೂತು ಅತ್ತ. ಆ ಕೋಣೆಯಲ್ಲಿ ವಿಷಯ ಪೂರ್ತಿ ಅರ್ಥವಾದದ್ದು ಅವನೊಬ್ಬನಿಗೆ.

ಹೊದಿಕೆ ಮತ್ತೆ ಬೆಳೆಯಿತು. ಡಾಕ್ಟರು ಹೇಳಿದ ಹಾಗೆಯೇ, ಬಹಳ ನಿಧಾನವಾಗಿ, ಮೇಲಿನಿಂದ ಕೆಳಕ್ಕೆ. ಉಸಿರು ಬಂತು, ಕೈ ಬಂತು, ತೊಡೆ ಬಂತು. ಪಾದದ ಹತ್ತಿರ ಬರುವ ಹೊತ್ತಿಗೆ ದೇಹಕ್ಕೆ ಆಸಕ್ತಿ ಕಡಿಮೆಯಾಗಿತ್ತೋ ಏನೋ. ಬೆರಳುಗಳಿಗೆ ಚಲನೆ ಬಂತು, ಸ್ಪರ್ಶ ಮಾತ್ರ, ಅದರಲ್ಲೂ ಎಡಗಾಲಿನಲ್ಲಿ, ಪೂರ್ತಿ ಬರಲಿಲ್ಲ. ಹೆಬ್ಬೆರಳನ್ನು ಯಾರಾದರೂ ಮುಟ್ಟಿದರೆ ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ತಟ್ಟಿದಷ್ಟು ಗೊತ್ತಾಗುತ್ತಿತ್ತು.

ನಡೆಯಲು ಕಲಿಸಿದವಳು ಫಿಸಿಯೋ ಅಕ್ಕ. ಗಟ್ಟಿ ತೋಳಿನ, ಸದಾ ಏನಾದರೂ ಗುನುಗುವ ಹೆಂಗಸು. ತೊಡೆಯಲ್ಲಿ ಬಲವಿಲ್ಲದ ರೋಗಿಗಳು ಬೀಳುವ ಭಯಕ್ಕೆ ಮೊಣಕಾಲನ್ನು ಹಿಂದಕ್ಕೆ ತಳ್ಳಿ ಬಿಗಿದು ನಿಲ್ಲುತ್ತಾರೆ; ಹಾಗೆ ನಿಂತರೆ ಕೀಲು ಕೆಡುತ್ತದೆ. ಎರಡು ಕಬ್ಬಿಣದ ಸರಳುಗಳ ನಡುವೆ ಬಾತುವನ್ನು ನಿಲ್ಲಿಸಿಕೊಂಡು ಅಕ್ಕ ನಾಲ್ಕು ತಿಂಗಳು ಹೇಳಿದ್ದು ಒಂದೇ ಮಾತು: "ಬೀಗ ಹಾಕ್ಬೇಡ. ಮೊಣಕಾಲಿಗೆ ಬೀಗ ಹಾಕ್ಬೇಡ. ಮೆತ್ತಗೆ ಬಗ್ಗಿಸಿ ಇಡು, ಸ್ಪ್ರಿಂಗ್ ತರ."

ಬಾತು ಒಳ್ಳೆಯ ವಿದ್ಯಾರ್ಥಿನಿ. ಹನ್ನೊಂದು ತಿಂಗಳಲ್ಲಿ ಕೋಲು ಬಿಟ್ಟಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳು ಒಬ್ಬಳೇ ಈ ಕೊನೆಯಿಂದ ಆ ಕೊನೆಗೆ ನಡೆದ ದಿನ ನರ್ಸುಗಳೆಲ್ಲ ಚಪ್ಪಾಳೆ ತಟ್ಟಿದರು. "ಕಾಲಿಗೆ ಬುದ್ಧಿ ಹೇಳೋದು ಅಂದ್ರೆ ಓಡಿಹೋಗೋದು ಅಂದ್ಕೊಂಡಿದ್ದೆ" ಎಂದಳು ಬಾತು, ಗೋಡೆ ಹಿಡಿದು ಏದುತ್ತಾ. "ನಿಜವಾಗ್ಲೂ ಹೇಳ್ಬೇಕಾಗುತ್ತೆ ಅಂತ ಗೊತ್ತಿರ್ಲಿಲ್ಲ."

ಅಲ್ಲಿಂದ ಆರು ತಿಂಗಳಿಗೆ ಮತ್ತೆ ಮೇಷ್ಟ್ರ ಕೈಗೆ ಬಂದಳು. ಅವರು ಮೊದಲ ದಿನವೇ ಕೂಗಿದ್ದು, "ಬೀಗ ಹಾಕು! ಮೊಣಕಾಲಿಗೆ ಬೀಗ ಹಾಕು!"

ಮನೆಯಲ್ಲಿ ಇದನ್ನು ಕೇಳಿ ಅಣ್ಣ, "ಆಸ್ಪತ್ರೆಯವ್ರು ಬೀಗಬೇಡ ಅಂದ್ರು, ಮೇಷ್ಟ್ರು ಬೀಗು ಅಂದ್ರು. ಒಟ್ಟಿನಲ್ಲಿ ಕೀಲಿಕೈ ಯಾರ ಹತ್ರ ಇದೆ ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ" ಎಂದ. ಎಲ್ಲರೂ ನಕ್ಕರು. ಬಾತು ಎಲ್ಲರಿಗಿಂತ ಜಾಸ್ತಿ ನಕ್ಕಳು.

ಮೊದಲ ಐದಾರು ಕಿಲೋಮೀಟರು ಅವಳ ಕಾಲು ಮೇಷ್ಟ್ರ ಮಾತು ಕೇಳುತ್ತಿತ್ತು. ದಣಿದ ಮೇಲೆ ಫಿಸಿಯೋ ಅಕ್ಕನ ಮಾತು ನೆನಪಾಗುತ್ತಿತ್ತು. ಇದು ಬಾತುವಿಗೆ ಗೊತ್ತಾಗುತ್ತಿರಲಿಲ್ಲ, ಹಿಂದಿನ ಮೊಪೆಡ್ಡಿಗೂ ಕಾಣುತ್ತಿರಲಿಲ್ಲ. ಗೊತ್ತಾದದ್ದು ಬಟ್ಟೆ ತಂತಿಯ ಕೆಳಗೆ, ಅಮ್ಮನಿಗೆ.

ಅಮ್ಮ ಆ ಮಂಗಳವಾರ ತೂತನ್ನು ರಫೂ ಮಾಡಿಬಿಟ್ಟಳು. ಇದರಲ್ಲಿ ಮೋಸದ ಯೋಚನೆಯಿತ್ತು ಎನ್ನಲಾಗದು. ಹರಿದದ್ದು ಕಂಡರೆ ಅವಳ ಕೈ ತಾನಾಗಿ ಸೂಜಿಗೆ ಹೋಗುತ್ತದೆ. ಆದರೆ ಶನಿವಾರ ಮೇಷ್ಟ್ರು ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತು, "ತಾಯಿ, ಬಾತು ಕಾಲುಚೀಲ ಸ್ವಲ್ಪ ಕೊಡಿ" ಎಂದಾಗ ಅಮ್ಮ ಸುಮ್ಮನೆ ತಂದುಕೊಟ್ಟಳು.

ಮೇಷ್ಟ್ರು ಅದನ್ನು ದೀಪಕ್ಕೆ ಹಿಡಿದು ತಿರುಗಿಸಿದರು. "ಎಲ್ಲೂ ಸವೆದೇ ಇಲ್ಲವಲ್ಲ! ಹಿಂದೂ ಇಲ್ಲ, ಮುಂದೂ ಇಲ್ಲ. ಏನೇ ಬಾತು, ನಿನ್ನ ಕಾಲು ನೆಲಕ್ಕೆ ತಾಗ್ತಿದೆಯೋ ಇಲ್ವೋ?"

"ತಾಗದೆ ಇದ್ರೆ ಅದೂ ತಪ್ಪೇ ಅಲ್ವಾ ಮೇಷ್ಟ್ರೇ" ಎಂದ ಅಣ್ಣ ಒಳಗಿನಿಂದ.

"ನೀನು ನಿನ್ನ ಫ್ಯೂಸು ನೋಡ್ಕೊಳ್ಳಯ್ಯ." ಮೇಷ್ಟ್ರು ಚೀಲದಿಂದ ಹೊಸ ಬಿಳಿಯ ಕಾಲುಚೀಲದ ಜೊತೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಕೇಳು. ಆಯ್ಕೆ ಪಂದ್ಯಕ್ಕೆ ಐದು ವಾರ ಇದೆ. ನಾಲ್ಕು ವಾರ ಇದೇ ಜೊತೆ ಹಾಕ್ಕೊಂಡು ನಡಿ. ಎಡಗಾಲಿನ ಹಿಮ್ಮಡಿ ಸವೆದ್ರೆ ನಿನ್ನ ಹೆಸರು ಕಳಿಸ್ತೀನಿ. ಸವೀಲಿಲ್ಲ ಅಂದ್ರೆ ಈ ಸಲ ಬೇಡ. ಇನ್ನೊಂದು ವರ್ಷ ಕಾಯೋಣ, ನರ ಇನ್ನೂ ಬೆಳೀತಿದೆ, ಕಾಲ ಕೂಡಿ ಬರ್ಲಿ."

"ಕಾಲ ಕೂಡಿ ಬರ್ಬಹುದು ಮೇಷ್ಟ್ರೇ. ಕಾಲು?" ಎಂದಳು ಬಾತು. "ನಂಗೆ ಇಪ್ಪತ್ತೊಂಬತ್ತು."

ಮೇಷ್ಟ್ರು ಚಹಾ ಕುಡಿದರು.

ಅಂದಿನಿಂದ ಆ ಮನೆಯಲ್ಲಿ ದಿನಕ್ಕೊಂದು ತಪಾಸಣೆ. ಬೆಳಗಿನ ಅಭ್ಯಾಸ ಮುಗಿಸಿ ಬಂದ ಬಾತು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿ, ಕಾಲುಚೀಲ ಕಳಚಿ ಅಮ್ಮನ ಕೈಗೆ ಕೊಟ್ಟು, "ಅಮ್ಮ, ಹಿಮ್ಮಡಿ?" ಎನ್ನುವಳು. ಅಮ್ಮ ಕಿಟಕಿಯ ಬೆಳಕಿಗೆ ಹಿಡಿದು, "ಇನ್ನೂ ಹೊಸದಲ್ವಾ, ನೋಡೋಣ" ಎನ್ನುವಳು. ಬಾತು ಸ್ನಾನಕ್ಕೆ ಹೋದ ಮೇಲೆ ಮುಂಭಾಗವನ್ನು ಬೆಳಕಿಗೆ ಹಿಡಿಯುವಳು. ಹತ್ತನೆಯ ದಿನಕ್ಕೆ ಹೆಬ್ಬೆರಳಿನ ಬುಡದಲ್ಲಿ ಎಳೆಗಳು ಜರಡಿಯ ಹಾಗೆ ಕಂಡವು. ಹಿಮ್ಮಡಿ ಅಂಗಡಿಯಿಂದ ತಂದ ಹಾಗೇ ಇತ್ತು. ಅಮ್ಮ ಮುಂಭಾಗವನ್ನು ರಫೂ ಮಾಡಿದಳು. ಬಿಳಿಯಲ್ಲೂ ನಾಲ್ಕು ಬಿಳಿ ಇರುತ್ತವೆ. ಸರಿಯಾದ ಬಿಳಿ ಸಿಗುವ ತನಕ ದಾರದ ಹಲಗೆಯ ಮುಂದೆ ನಿಂತಿದ್ದಳು.

ಕಾಲಿಗೆ ರಫೂ ಒತ್ತಿದರೆ ಯಾವ ನಡಿಗೆಯವರಿಗೂ ಮೊದಲ ಹೆಜ್ಜೆಯಲ್ಲೇ ಗೊತ್ತಾಗುತ್ತದೆ. ಬಾತುವಿನ ಬೆರಳಿಗೆ ಗೊತ್ತಾಗುವುದಿಲ್ಲ ಎನ್ನುವುದು ಅಮ್ಮನಿಗೆ ತಿಳಿದಿತ್ತು. ಆಸ್ಪತ್ರೆಯಲ್ಲಿ ಆ ಬೆರಳುಗಳನ್ನು ಒಂದೊಂದಾಗಿ ಒರೆಸಿದವಳು ಅವಳೇ.

ಹದಿನೇಳನೆಯ ದಿನ ಬಾತು ಬಂದು ಮೆಟ್ಟಿಲ ಮೇಲೆ ಕೂತಳು, ಕಾಲುಚೀಲ ಕೊಟ್ಟಳು, ಏನೂ ಕೇಳದೆ ಒಳಗೆ ಹೋದಳು.

ಹಿಂದಿನ ದಿನವೂ "ಹಿಮ್ಮಡಿ?" ಎಂದಿದ್ದಳು, ಅದರ ಹಿಂದಿನ ದಿನವೂ ಎಂದಿದ್ದಳು. ಆಸ್ಪತ್ರೆಯಲ್ಲಿ ಯಂತ್ರ ಉಸಿರಾಡಿಸುತ್ತಿದ್ದ ಆ ವಾರಗಳಲ್ಲೂ ಬಾತು ಕಣ್ಣಿನಲ್ಲಿ ಏನಾದರೂ ಕೇಳುತ್ತಲೇ ಇದ್ದಳು. ಕೇಳದೆ ಹೋದದ್ದು ಇದೇ ಮೊದಲು.

ಮಧ್ಯಾಹ್ನ ಮಗಳು ಮಲಗಿದ್ದಾಗ ಅಮ್ಮ ಬಚ್ಚಲಿಗೆ ಹೋಗಿ, ಹಿಮ್ಮಡಿ ಉಜ್ಜುವ ಕಲ್ಲನ್ನು ತಂದಳು. ಎಡಗಾಲಿನ ಕಾಲುಚೀಲದೊಳಗೆ ದೊಡ್ಡ ದಾರದ ಉಂಡೆಯೊಂದನ್ನು ತುರುಕಿ, ಹೊಲಿಗೆ ಯಂತ್ರದ ಮುಂದೆ ಕೂತು ಹಿಮ್ಮಡಿಯ ಜಾಗವನ್ನು ಉಜ್ಜತೊಡಗಿದಳು. ಒಂದೇ ದಿನ ಜಾಸ್ತಿ ಉಜ್ಜಿದರೆ ಸವೆತದ ಅಂಚು ಚೂಪಾಗಿ ಕಾಣುತ್ತದೆ. ನಿಜವಾದ ಸವೆತಕ್ಕೆ ಅಂಚಿರುವುದಿಲ್ಲ. ಅದು ಮುಸ್ಸಂಜೆಯ ಹಾಗೆ ಎಲ್ಲಿಂದ ಶುರುವಾಯಿತು ಎಂದು ಹೇಳಲಾಗದಂತೆ ಬರುತ್ತದೆ. ಹಾಗಾಗಿ ದಿನಕ್ಕೆ ಇಷ್ಟೆಂದು ಅಳತೆ ಮಾಡಿಕೊಂಡು, ಹನ್ನೊಂದು ಮಧ್ಯಾಹ್ನ ಉಜ್ಜಿದಳು. ಹರಿದದ್ದನ್ನು ಹರಿಯದಂತೆ ಮಾಡುವುದು ಅವಳ ಕಸುಬು. ಹರಿಯದ್ದನ್ನು ಹರಿದಂತೆ ಮಾಡುವುದು ಇದೇ ಮೊದಲು. ಅದು ಅವಳ ಜೀವಮಾನದ ಅತ್ಯುತ್ತಮ ಕೆಲಸ, ಯಾರಿಗೂ ತೋರಿಸುವಂತಿರಲಿಲ್ಲ.

"ಅಮ್ಮ!" ಇಪ್ಪತ್ತೊಂದನೆಯ ದಿನ ಮೆಟ್ಟಿಲಿಂದ ಕೂಗು ಬಂತು. "ಇಲ್ಲಿ ನೋಡು! ಇಲ್ಲಿ, ಇಲ್ಲಿ, ಬೆರಳು ಹಾಕಿದ್ರೆ ಬೆರಳಿನ ಬಣ್ಣ ಕಾಣುತ್ತೆ!"

"ಹೌದಲ್ವೇ" ಎಂದಳು ಅಮ್ಮ.

"ನಂಗೆ ಗೊತ್ತಿತ್ತು. ಎರಡು ದಿನದಿಂದ ನೆಲ ಬೇರೆ ತರ ತಾಗ್ತಿತ್ತು."

ಅಮ್ಮ ಕಾಲುಚೀಲವನ್ನು ಒಗೆಯಲು ತೆಗೆದುಕೊಂಡು ಹೋದಳು.

ನಾಲ್ಕು ವಾರಕ್ಕೆ ಸರಿಯಾಗಿ ಮೇಷ್ಟ್ರು ಬಂದರು. ಕಾಲುಚೀಲದೊಳಗೆ ಮುಷ್ಟಿ ತೂರಿಸಿ ಹಿಮ್ಮಡಿಯನ್ನು ದೀಪದ ಮುಂದೆ ಹಿಡಿದರು. ಕಾಳಿನಷ್ಟು ತೂತು ಬಿದ್ದಿತ್ತು, ಸುತ್ತ ಮಬ್ಬಾದ ಎಳೆಗಳು. ಮುಂಭಾಗವನ್ನೂ ತಿರುಗಿಸಿ ನೋಡಿದರು; ಅಲ್ಲಿ ಏನೂ ಇರಲಿಲ್ಲ. ಅವರ ಪೊರೆ ತೆಗೆದ ಕಣ್ಣಿನಲ್ಲಿ ನೀರು ಬಂತು, ತೆಗೆಯದ ಕಣ್ಣಿನಲ್ಲೂ ಬಂತು. "ತಾಯಿ, ಸಕ್ಕರೆ ಜಾಸ್ತಿ ಹಾಕಿ ಚಹಾ ಕೊಡಿ" ಎಂದರು. ಅಲ್ಲೇ ಕೂತು ಅರ್ಜಿ ತುಂಬಿದರು. ಅಮ್ಮ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತಳು. ಮೇಷ್ಟ್ರು ಅದನ್ನೂ ಸಿಹಿಯೆಂದೇ ಕುಡಿದರು.

ಆಯ್ಕೆ ಪಂದ್ಯ ನೀರು ಶುದ್ಧ ಮಾಡುವ ಘಟಕದ ಸುತ್ತಲಿನ ರಸ್ತೆಯಲ್ಲಿ. ಒಂದು ಸುತ್ತಿಗೆ ಒಂದು ಕಿಲೋಮೀಟರು, ಒಟ್ಟು ಇಪ್ಪತ್ತು ಸುತ್ತು. ಹದಿನಾಲ್ಕು ಮಂದಿ ಹೆಂಗಸರು. ಮೊದಲ ಮೂವರಿಗೆ ದೇಶದ ತಂಡ. ರಸ್ತೆಯ ಪಕ್ಕ ಅಲ್ಲಲ್ಲಿ ಆರು ಮಂದಿ ತೀರ್ಪುಗಾರರು, ಕೈಯಲ್ಲಿ ಹಳದಿ ಫಲಕ, ಜೇಬಿನಲ್ಲಿ ಕೆಂಪು ಕಾರ್ಡು. ತಪ್ಪು ಕಂಡರೆ ಒಬ್ಬ ತೀರ್ಪುಗಾರ ಒಬ್ಬರಿಗೆ ಒಂದೇ ಕೆಂಪು ಕಾರ್ಡು ಬರೆಯಬಹುದು. ಮೂವರು ಬೇರೆ ಬೇರೆ ತೀರ್ಪುಗಾರರಿಂದ ಮೂರು ಬಿದ್ದರೆ ಮುಗಿಯಿತು. ಎಷ್ಟು ಬಿದ್ದಿದೆ ಎಂದು ತೋರಿಸಲು ಮರದಡಿ ಒಂದು ದೊಡ್ಡ ಹಲಗೆ. ಮೊಣಕಾಲಿನ ತಪ್ಪಿಗೆ ಬಗ್ಗಿದ ಮೊಣಕಾಲಿನ ಹಾಗೇ ಇರುವ ಒಂದು ಗೀಟು.

ಬಾತು ಅದೇ ಕಾಲುಚೀಲ ಹಾಕಿಕೊಂಡಿದ್ದಳು. ಅಮ್ಮ ಹೊಸ ಜೊತೆ ತಂದಿದ್ದಳು, "ತೂತು ಬಿದ್ದಿದೆ, ಬಿಡೇ, ಇದು ಹಾಕ್ಕೋ" ಎಂದು ಎರಡು ಸಲ ಹೇಳಿದಳು. "ತೂತಿಗೋಸ್ಕರಾನೇ ಹಾಕ್ಕೊಂಡಿರೋದು" ಎಂದಳು ಬಾತು.

ಹಗ್ಗದ ಆಚೆ ಅಮ್ಮ ಫ್ಲಾಸ್ಕು ಹಿಡಿದು ನಿಂತಳು. ಅಣ್ಣ ಪಕ್ಕದಲ್ಲಿ. ಫಿಸಿಯೋ ಅಕ್ಕನೂ ರಜೆ ಹಾಕಿ ಬಂದಿದ್ದಳು, ಅವಳು ಈ ಆಟವನ್ನು ನೋಡುವುದು ಇದೇ ಮೊದಲು.

ಮೊದಲ ಆರು ಸುತ್ತು ಬಾತು ಹಳೆಯ ಬಾತುವೇ. ಭುಜ ಕೆಳಗೆ, ಮೊಣಕೈ ಮಡಿಸಿ, ಸೊಂಟ ಎಣ್ಣೆ ಹಾಕಿದ ತಿರುಗಣಿಯಂತೆ. ಐದನೆಯವಳಾಗಿ ಹೊರಟವಳು ಆರನೆಯ ಸುತ್ತಿಗೆ ಮೂರನೆಯವಳಾದಳು. ಮೇಷ್ಟ್ರು ಸೀಟಿಯನ್ನು ಕಚ್ಚಿಕೊಂಡೇ ಇದ್ದರು. ಊದಲು ಅನುಮತಿ ಇರಲಿಲ್ಲ.

ಏಳನೆಯ ಸುತ್ತಿನಲ್ಲಿ ಅವಳು ಹತ್ತಿರ ಬಂದಾಗ ಫಿಸಿಯೋ ಅಕ್ಕ ಅಮ್ಮನ ತೋಳು ಹಿಡಿದು ಕುಣಿದಳು. "ನೋಡಿ ಅಮ್ಮ, ನೋಡಿ! ಈಗ ನೋಡಿ ಎಷ್ಟು ಮೆತ್ತಗೆ ಇಡ್ತಿದಾಳೆ ಕಾಲು! ನಾನು ಕಲಿಸಿದ ಹಾಗೇ!"

ಎದುರಿಗೆ ನಿಂತಿದ್ದ ತೀರ್ಪುಗಾರ ಜೇಬಿನಿಂದ ಕಾರ್ಡು ತೆಗೆದು ಬರೆದುಕೊಂಡ. ಹಲಗೆಯ ಮೇಲೆ ಅವಳ ಸಂಖ್ಯೆ ಹದಿನೇಳರ ಮುಂದೆ ಒಂದು ಗೀಟು ಬಂತು.

"ಅದೇನು, ಅಂಕ ಕೊಟ್ರಾ?" ಎಂದಳು ಫಿಸಿಯೋ ಅಕ್ಕ.

"ಹೂಂ" ಎಂದ ಅಣ್ಣ.

ಹನ್ನೊಂದನೆಯ ಸುತ್ತಿನಲ್ಲಿ ಎರಡನೆಯ ಗೀಟು. ಬಾತು ಹಲಗೆ ನೋಡಿದಳು, ತುಟಿ ಬಿಗಿದಳು, ವೇಗ ತಗ್ಗಿಸಲಿಲ್ಲ. ಅವಳಿಗೆ ಭಯವೇ ಇರಲಿಲ್ಲ ಎನ್ನುವುದನ್ನು ಅಮ್ಮ ಕಂಡಳು. ಭಯವಿದ್ದಿದ್ದರೆ ನಿಧಾನಿಸುತ್ತಿದ್ದಳು. ಇವಳು ನೆಲ ಸರಿಯಾಗಿ ತಾಗುತ್ತಿದೆ ಎಂದು ನಂಬಿದವಳ ಹಾಗೆ, ತೀರ್ಪುಗಾರರದೇ ತಪ್ಪೆನ್ನುವ ಹಾಗೆ ನಡೆಯುತ್ತಿದ್ದಳು. ಅಮ್ಮ ಫ್ಲಾಸ್ಕಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

ಹದಿನಾಲ್ಕನೆಯ ಸುತ್ತಿನಲ್ಲಿ ಮೂರನೆಯ ಗೀಟು ಬಿತ್ತು. ಮುಖ್ಯ ತೀರ್ಪುಗಾರ್ತಿ, ದಪ್ಪ ಕನ್ನಡಕದ ನಿಧಾನದ ಹೆಂಗಸು, ರಸ್ತೆಯ ಅಂಚಿಗೆ ಬಂದು ಬಾತುವಿನ ಎದುರು ಕೆಂಪು ಫಲಕ ಎತ್ತಿ ಹಿಡಿದಳು. ಬಾತು ಆಗ ಮೂರನೆಯವಳಾಗಿಯೇ ಇದ್ದಳು.

ಅವಳು ನಿಂತಳು. ಸಂಖ್ಯೆಯ ಬಟ್ಟೆ ತೆಗೆದುಕೊಡಬೇಕು, ಹೊರಗೆ ಬರಬೇಕು, ಅಷ್ಟೇ ನಿಯಮ. ಅವಳು ಬಟ್ಟೆ ತೆಗೆಯಲಿಲ್ಲ. "ಮೇಡಂ, ಒಂದು ನಿಮಿಷ" ಎಂದು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು ಎಡಗಾಲಿನ ಬೂಟು ಬಿಚ್ಚತೊಡಗಿದಳು. ಮೇಷ್ಟ್ರು ಓಡಿ ಬಂದರು. ಹಗ್ಗದ ಆಚೆಯಿಂದ ಅಮ್ಮನೂ ಅಣ್ಣನೂ ಹತ್ತು ಹೆಜ್ಜೆ ದೂರಕ್ಕೆ ಬಂದು ನಿಂತರು.

"ಹಿಮ್ಮಡಿ ನೋಡಿ ಮೇಡಂ. ಹಿಮ್ಮಡಿ ಸವೆದಿದೆ. ಕಾಲು ಬಗ್ಗಿದ್ರೆ ಇಲ್ಲಿ ಸವೆಯೋದೇ ಇಲ್ಲ. ಕೇಳಿ ಬೇಕಾದ್ರೆ, ಮೇಷ್ಟ್ರನ್ನ ಕೇಳಿ."

ಮುಖ್ಯ ತೀರ್ಪುಗಾರ್ತಿ ಹದಿನೆಂಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದವಳು. ಅತ್ತವರನ್ನು ಕಂಡಿದ್ದಳು, ಬೈದವರನ್ನು ಕಂಡಿದ್ದಳು, ಒಬ್ಬಾಕೆ ನೀರಿನ ಬಾಟಲಿ ಎಸೆದದ್ದೂ ಇತ್ತು. ಕಾಲುಚೀಲವನ್ನು ಸಾಕ್ಷಿಯಾಗಿ ತಂದವರು ಇದೇ ಮೊದಲು. "ನಾವು ಮೊಣಕಾಲು ನೋಡ್ತೀವಿ ಮಗಳೇ, ಕಾಲುಚೀಲ ನೋಡಲ್ಲ" ಎಂದಳು. ಗದರಿಸಲಿಲ್ಲ.

"ನೋಡಿ ಮೇಡಂ, ಒಂದೇ ಒಂದು ಸಲ." ಬಾತು ಕಾಲುಚೀಲವನ್ನು ಎಳೆದಳು. ಬೆವರಿಗೆ ಅಂಟಿಕೊಂಡಿದ್ದ ಅದು ಕಾಲುಚೀಲಗಳೆಲ್ಲ ಮಾಡುವ ಹಾಗೆ ಒಳಮೈ ಹೊರಗಾಗಿ ಕಳಚಿ ಬಂತು.

ರಫೂ ಎಷ್ಟು ನಾಜೂಕಾಗಿದ್ದರೂ ಮೇಲ್ಮೈಗೆ ಮಾತ್ರ. ಒಳಗಡೆ ದಾರದ ತುದಿಗಳು ಇರಲೇಬೇಕು. ಹೆಬ್ಬೆರಳಿನ ಬುಡದ ಜಾಗದಲ್ಲಿ, ಉಗುರಿನಷ್ಟಗಲ, ಅಡ್ಡಕ್ಕೂ ಉದ್ದಕ್ಕೂ ಹೆಣೆದ ದಟ್ಟ ಹೊಲಿಗೆ. ಸಾಲು ಮುಗಿದಲ್ಲೆಲ್ಲ ಎರಡು ಸಣ್ಣ ಗಂಟು. ಬೇರೆ ದರ್ಜಿಗಳು ಒಂದು ಗಂಟು ಹಾಕುತ್ತಾರೆ.

ಬಾತು ಚಿಕ್ಕಂದಿನಿಂದ ಆ ಎರಡು ಗಂಟುಗಳ ಬಟ್ಟೆಗಳನ್ನೇ ತೊಟ್ಟು ಬೆಳೆದವಳು. ಅವಳು ಆ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. ಕೈಬೆರಳಿಗೆ ಸ್ಪರ್ಶವಿತ್ತು. ಆಮೇಲೆ ಕಾಲುಚೀಲವನ್ನು ತಿರುಗಿಸಿ ಹಿಮ್ಮಡಿಯ ತೂತನ್ನು ನೋಡಿದಳು. ಮತ್ತೆ ಮುಂಭಾಗ ನೋಡಿದಳು. ತಲೆಯೆತ್ತಿ ಹತ್ತು ಹೆಜ್ಜೆ ಆಚೆ ನೋಡಿದಳು. ಅಮ್ಮ ಫ್ಲಾಸ್ಕನ್ನು ಎದೆಗವಚಿಕೊಂಡು ನಿಂತಿದ್ದಳು, ಕಣ್ಣು ತಪ್ಪಿಸಲಿಲ್ಲ.

"ಸರಿ ಮೇಡಂ" ಎಂದಳು ಬಾತು. ಎದೆಯ ಮೇಲಿನ ಸಂಖ್ಯೆಯ ಬಟ್ಟೆಯನ್ನು ಒಂದೊಂದೇ ಪಿನ್ನು ತೆಗೆದು, ಪಿನ್ನುಗಳನ್ನು ಅದಕ್ಕೇ ಸಿಕ್ಕಿಸಿ ಕೊಟ್ಟಳು.

ಮೇಷ್ಟ್ರು ಕಾಲುಚೀಲವನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗಡೆ ಬೆರಳಾಡಿಸಿದರು. ಬಹಳ ಹೊತ್ತು ಆಡಿಸಿದರು. "ನಾನು ಒಳಗಡೆ ನೋಡ್ಬೇಕಿತ್ತು" ಎಂದರು. ಅಮ್ಮನಿಗೆ ಒಂದು ಮಾತೂ ಹೇಳಲಿಲ್ಲ, ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಫಿಸಿಯೋ ಅಕ್ಕನಿಗೆ ವಿಷಯ ತಿಳಿಸಿದವನು ಅಣ್ಣ. ಅವಳು ಮುಖ ಕೆಂಪು ಮಾಡಿಕೊಂಡು, "ಹಾಗಾದ್ರೆ ನಾನು..." ಎಂದು ಶುರು ಮಾಡಿದಳು. "ನೀವಲ್ಲ ಅಕ್ಕ. ನೀವು ಕಲಿಸದೆ ಇದ್ದಿದ್ರೆ ಇಲ್ಲೀತನಕಾನೂ ಬರ್ತಿರ್ಲಿಲ್ಲ" ಎಂದ ಅಣ್ಣ. ಆ ದಿನ ಅವನು ತಮಾಷೆ ಮಾಡದೆ ಆಡಿದ ಮಾತು ಇದೊಂದೇ.

ಮನೆಗೆ ಬಸ್ಸಿನಲ್ಲಿ ಬಂದರು. ಬಾತು ಕಿಟಕಿಯ ಕಡೆ, ಅಮ್ಮ ಪಕ್ಕದಲ್ಲಿ. ಅಣ್ಣ ಹಿಂದಿನ ಸೀಟಿನಲ್ಲಿ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ್ದ. ಮೂರು ನಿಲ್ದಾಣ ದಾಟಿದ ಮೇಲೆ ಬಾತು ಕೇಳಿದಳು.

"ಹಿಮ್ಮಡಿ ಯಾತರಲ್ಲಿ ಉಜ್ಜಿದೆ?"

"ಬಚ್ಚಲಲ್ಲಿರುತ್ತಲ್ಲ, ಆ ಕಲ್ಲು."

"ಎಷ್ಟು ದಿನ?"

"ಹನ್ನೊಂದು."

ಬಾತು ಹೊರಗೆ ನೋಡಿದಳು. "ನೆಲ ಬೇರೆ ತರ ತಾಗ್ತಿದೆ ಅಂದಿದ್ದೆ ನಾನು. ನೀನು ಆಗಲಾದ್ರೂ ಹೇಳ್ಬೇಕಿತ್ತು."

"ನೀನು ಕೇಳೋದು ನಿಲ್ಲಿಸಿಬಿಟ್ಟಿದ್ದೆ ಕಣೇ" ಎಂದಳು ಅಮ್ಮ. "ಒಂದು ದಿನ ಬಂದು ಏನೂ ಕೇಳ್ಲಿಲ್ಲ ನೀನು."

ಇದು ಉತ್ತರವೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಟಿಕೆಟ್ ತೋರಿಸಿ ಎಂದು ಬಂದ ಕಂಡಕ್ಟರಿಗೆ ಅಣ್ಣ ಕಣ್ಣು ಮುಚ್ಚಿಕೊಂಡೇ ಮೂರು ಟಿಕೆಟ್ ಚಾಚಿದ.

ಮನೆಗೆ ಬಂದು ಬಾತು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದಳು. ಅಮ್ಮ ಎಂದಿನಂತೆ ಕೈ ಚಾಚಿ, "ಕೊಡು, ಒಗೀತೀನಿ" ಎಂದಳು.

"ಬೇಡ" ಎಂದಳು ಬಾತು. "ನಾನೇ ಒಗೀತೀನಿ."

ಮೇಷ್ಟ್ರು ಒಂದು ವರ್ಷ ಕಾಯಿಸಿದರು. ಎರಡನೆಯ ಕಣ್ಣಿನ ಪೊರೆಯನ್ನೂ ತೆಗೆಸಿಕೊಂಡು, ಮೊಪೆಡ್ಡನ್ನು ಪಕ್ಕದಲ್ಲೇ ಓಡಿಸಿ, ಬಸ್ಸಿನವರಿಂದ ಬೈಸಿಕೊಂಡರು. ಬಾತು ಕಾಲುಚೀಲಗಳನ್ನು ತಾನೇ ಒಗೆದಳು, ತೂತು ಬಿದ್ದದ್ದನ್ನು ತಾನೇ ನೋಡಿಕೊಂಡಳು, ಯಾವುದನ್ನೂ ಹೊಲಿಸಲಿಲ್ಲ. ಮುಂದಿನ ವರ್ಷದ ಆಯ್ಕೆಗೆ ಹೋದಳು. ಆ ಸಲ ಒಂಬತ್ತನೆಯ ಸುತ್ತಿನಲ್ಲಿ ಮೂರನೆಯ ಕಾರ್ಡು ಬಿತ್ತು. ಆಮೇಲೆ ಹೋಗಲಿಲ್ಲ.